ದೀಪದ ಮರ ಗಾಳಿಗೆ ನಿಲ್ಲಬೇಕಾದರೆ ದಪ್ಪ ಪೈಪ್ ಒಂದೇ ಸಾಲದು

ಪ್ರಶ್ನೆ: ನಾವಿರುವುದು ಅಮೆರಿಕದ ಒಕ್ಲಹೋಮಾ ಸಿಟಿ ಪಕ್ಕದ ಊರಲ್ಲಿ. ಮಕ್ಕಳ ಆಸೆಗೆ ಹೋದ ವರ್ಷ ಕ್ರಿಸ್‌ಮಸ್‌ಗೆ ಮನೆ ಮುಂದೆ 16 ಅಡಿ ಎತ್ತರದ ದೀಪದ ಮರ ಮಾಡಿದ್ದೆವು. ನಡುವೆ ಕಂಬ, ತುದಿಯಿಂದ ಸುತ್ತಲೂ ಇಳಿಬಿಟ್ಟ 24 ಸಾಲು ಎಲ್‌ಇಡಿ, ಮೇಲೊಂದು ನಕ್ಷತ್ರ. ಕಂಬಕ್ಕೆ ಒಂದೂವರೆ ಇಂಚಿನ ಇಎಂಟಿ ಕಂಡ್ಯೂಟ್ (ವೈರಿಂಗಿಗೆ ಬಳಸುವ ತೆಳು ಲೋಹದ ಕೊಳವೆ) ತಂದು, 10 ಅಡಿಯ ತುಂಡಿಗೆ 6 ಅಡಿಯ ತುಂಡನ್ನು ಸ್ಕ್ರೂ ಕಪ್ಲಿಂಗ್ ಹಾಕಿ ಜೋಡಿಸಿದ್ದೆ. ಬುಡದಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ಸರಳಿನ ಮೇಲೆ ಕೂರಿಸಿದ್ದೆ. ಒಂದು ರಾತ್ರಿ ಉತ್ತರದ ಗಾಳಿ ಬೀಸಿದಾಗ ನಾಲ್ಕೈದು ಸಾಲು ದೀಪ ಹರಿದು, ಕಂಬ ಕಪ್ಲಿಂಗ್ ಹತ್ತಿರವೇ ಮಡಚಿಕೊಂಡು ಬಿತ್ತು. ಈ ಸಲ ದಪ್ಪ ಪೈಪ್ ತಂದರೆ ಸಾಕಾ? ಕಾಂಕ್ರೀಟ್ ಹಾಕಲೇಬೇಕಾ?

ಉತ್ತರ: ಸಾಕಾಗಲ್ಲ. ದಪ್ಪ ಪೈಪ್ ತನ್ನಿ, ಕಾಂಕ್ರೀಟನ್ನೂ ಹಾಕಿ, ಆದರೆ ಇವೆರಡನ್ನೇ ನಂಬಿಕೊಂಡರೆ ಮುಂದಿನ ಸಲ ಇನ್ನೂ ಭಾರದ ಕಂಬ ಬೀಳುತ್ತದೆ. ನಿಮ್ಮ ಮರಕ್ಕೆ ಬೇಕಾಗಿರುವುದು ಸ್ಟೇ ವೈರ್. ನಮ್ಮ ಊರುಗಳಲ್ಲಿ ಕರೆಂಟ್ ಲೈನ್ ತಿರುಗುವ ಕಡೆ ಕಂಬಕ್ಕೆ ಓರೆಯಾಗಿ ಬಿಗಿದು ನೆಲದಲ್ಲಿ ಹೂತಿರುತ್ತಾರಲ್ಲ, ಅದೇ.

ನೀವು ಬರೆದ ಎರಡು ವಿಷಯದಲ್ಲೇ ಆವತ್ತು ರಾತ್ರಿ ಏನಾಯಿತು ಅನ್ನುವುದು ಇದೆ. ದೀಪದ ಸಾಲು ಹರಿದಿದೆ, ಕಂಬ ನಡುವಿನಲ್ಲಿ ಮಡಚಿದೆ. ಕಂಬ ತನ್ನ ಕಾಲ ಮೇಲೆ ತಾನೇ ನಿಂತಿದ್ದರೆ ಅದು ಬುಡದಲ್ಲಿ ಬಾಗಬೇಕಿತ್ತು, ಯಾಕೆಂದರೆ ಗಾಳಿಯ ಹೊಡೆತ ಸೇರಿ ಸೇರಿ ಜಾಸ್ತಿಯಾಗುವುದು ಬುಡದಲ್ಲಿ. ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಇದು ಗೊತ್ತು, ತುದಿಯಲ್ಲಿ ಸ್ವಲ್ಪ ಎಳೆತ ಬಿದ್ದರೂ ಭಾರವೆಲ್ಲ ಕೈಗೆ ಬರುತ್ತದೆ. ನಿಮ್ಮ ಕಂಬ ಬುಡದಲ್ಲಿ ಬಾಗಲಿಲ್ಲ ಅಂದರೆ ತುದಿಯನ್ನು ಬೇರೆ ಏನೋ ಹಿಡಿದಿತ್ತು. ಹಿಡಿದಿದ್ದು ನಿಮ್ಮ ದೀಪದ ಸಾಲುಗಳೇ. ಗಾಳಿ ಬಂದ ದಿಕ್ಕಿನ ಸಾಲುಗಳು ಬಿಗಿಯಾಗಿ, ಸ್ಟೇ ವೈರ್ ಮಾಡಬೇಕಾದ ಕೆಲಸವನ್ನು ಮಾಡುತ್ತಿದ್ದವು. ಒಳಗಿರುವುದು ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು. ಒಂದು ಹರಿಯಿತು, ಅದರ ಭಾರ ಪಕ್ಕದ್ದಕ್ಕೆ ಬಿತ್ತು, ಅದೂ ಹರಿಯಿತು. ಹಾಗೆ ನಾಲ್ಕೈದು ಹೋದ ಮೇಲೆ ತುದಿ ಒಂದು ಕಡೆಗೆ ವಾಲಿತು, ಕಂಬದಲ್ಲೆಲ್ಲ ಬಲ ಕಡಿಮೆ ಇದ್ದ ಜಾಗ ಆ ಕಪ್ಲಿಂಗ್, ಅಲ್ಲಿ ಮಡಚಿತು.

ಇಎಂಟಿ ಬಗ್ಗೆ ಒಂದು ಮಾತು. ಅದು ವೈರ್ ಎಳೆಯಲು ಮಾಡಿದ ಕೊಳವೆ, ಭಾರ ಹೊರಲು ಮಾಡಿದ್ದಲ್ಲ. ಒಂದೂವರೆ ಇಂಚಿನದ್ದರ ಗೋಡೆ ದಪ್ಪ 0.065 ಇಂಚು ಅಷ್ಟೇ. ಅದರ ಕಪ್ಲಿಂಗ್ ಅಂದರೆ ಸಣ್ಣ ಬಳೆ, ಎರಡು ಕಡೆ ಒಂದೊಂದು ಸ್ಕ್ರೂ. ಗೋಡೆಗೆ ಕ್ಲಿಪ್ ಹೊಡೆದು ಕೂರಿಸಿದಾಗ ಅದಕ್ಕೆ ಬಾಗುವ ಪ್ರಸಂಗವೇ ಬರುವುದಿಲ್ಲ, ಅಲ್ಲಿಗೆ ಅಷ್ಟು ಸಾಕು. ಬಯಲಲ್ಲಿ ನಿಲ್ಲಿಸಿದಾಗ ಸಾಲದು.

ಈಗ ಗಾಳಿಯ ಲೆಕ್ಕ ನೋಡೋಣ. ಇದನ್ನು ಒಂದು ಸಲ ಕೈಯಲ್ಲೇ ಬರೆದು ನೋಡಿದರೆ ಏನು ಕೊಳ್ಳಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಗಾಳಿಯ ವೇಗವನ್ನು ಗಂಟೆಗೆ ಮೈಲಿಯಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದಿದ್ದನ್ನು 0.00256ರಿಂದ ಗುಣಿಸಿದರೆ ಒಂದು ಚದರಡಿ ಮೇಲೆ ಎಷ್ಟು ಪೌಂಡ್ ಒತ್ತಡ ಅಂತ ಬರುತ್ತದೆ. 30 ಮೈಲಿ ಗಾಳಿಗೆ 2.3 ಪೌಂಡ್. 60 ಮೈಲಿಗೆ 9.2 ಪೌಂಡ್. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು. ಅದಕ್ಕೇ ನವೆಂಬರ್ ಕೊನೆಯಿಂದ ಮೂರು ವಾರ ಏನೂ ಆಗದೆ ನಿಂತಿದ್ದ ಮರ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಮರದಲ್ಲಿ ಗಾಳಿಗೆ ಸಿಗುವುದು ಕಂಬ ಮಾತ್ರ ಅಂದುಕೊಳ್ಳಬೇಡಿ. 24 ಸಾಲು, ಒಂದೊಂದು ಹದಿನಾರೂವರೆ ಅಡಿ, ಒಟ್ಟು ಹತ್ತಿರ ಹತ್ತಿರ 400 ಅಡಿ. ತಂತಿ, ಬಲ್ಬು ಎಲ್ಲ ಸೇರಿಸಿ ಅಗಲ ಅರ್ಧ ಇಂಚು ಅಂತ ಇಟ್ಟುಕೊಂಡರೆ ಹದಿನಾರೂವರೆ ಚದರಡಿ ಆಗುತ್ತದೆ. ಮನೆಯ ಮುಂಬಾಗಿಲಿಗಿಂತ ಸ್ವಲ್ಪ ಚಿಕ್ಕದು. ಆ ಬಾಗಿಲನ್ನು ಗಾಳಿಗೆ ಅಡ್ಡ ಹಿಡಿದ ಹಾಗೆ. 60 ಮೈಲಿ ಗಾಳಿಯ 9.2 ಪೌಂಡಿನಿಂದ ಇದನ್ನು ಗುಣಿಸಿ, ಗುಂಡನೆಯ ತಂತಿಗೆ ಅಂತ ಇನ್ನೊಮ್ಮೆ 1.2ರಿಂದ ಗುಣಿಸಿದರೆ ಈ ಸಾಲುಗಳ ಮೇಲೆ ಸುಮಾರು 180 ಪೌಂಡ್ ಬೀಳುತ್ತದೆ. ಅರ್ಧ ನೆಲದ ಕಡೆಗೆ, ಅರ್ಧ ಕಂಬದ ತುದಿಗೆ. ನಕ್ಷತ್ರದ್ದೂ ಕಂಬದ್ದೂ ಸೇರಿಸಿದರೆ ತುದಿಯಲ್ಲಿ ಸುಮಾರು 120 ಪೌಂಡ್. ಸ್ಟೇ ವೈರ್ ಇಲ್ಲದೆ ಇದನ್ನು 16 ಅಡಿ ಎತ್ತರದಲ್ಲಿ ತಡೆಯಬೇಕು ಅಂದರೆ ಬುಡದಲ್ಲಿ 1,900 ಅಡಿ-ಪೌಂಡ್ ಬಾಗಿಸುವ ಬಲ. ನಿಮ್ಮ ಇಎಂಟಿ ಸುಮಾರು 400ಕ್ಕೇ ಶಾಶ್ವತವಾಗಿ ಬಾಗುತ್ತದೆ. ಎರಡು ಇಂಚಿನ ಶೆಡ್ಯೂಲ್ 40 (ಗೋಡೆ ದಪ್ಪದ ಒಂದು ದರ್ಜೆ) ಉಕ್ಕಿನ ಪೈಪ್, ಅಡಿಗೆ 3.65 ಪೌಂಡ್ ತೂಗುವ ಗಟ್ಟಿ ಮಾಲು, ಅದೂ ಸುಮಾರು 1,600ಕ್ಕೆ ಸೋಲುತ್ತದೆ. ನೋಡಿದಿರಾ? ಕಾಂಕ್ರೀಟಿನಲ್ಲಿ ಎಷ್ಟು ಭದ್ರವಾಗಿ ಹೂತರೂ ಅದೊಂದೇ ನಿಂತರೆ ಸಾಲದು.

ಅದೇ ಪೈಪಿಗೆ ಮೇಲೆ ನಾಲ್ಕು ದಿಕ್ಕಿಗೆ ಸ್ಟೇ ವೈರ್ ಕಟ್ಟಿದ ಕೂಡಲೇ ಅದರ ಕೆಲಸವೇ ಬದಲಾಗುತ್ತದೆ. ಈಗ ಅದು ಬಾಗುವುದನ್ನು ತಡೆಯಬೇಕಾಗಿಲ್ಲ, ಮೇಲಿನಿಂದ ಬರುವ ಒತ್ತಡವನ್ನು ಹೊತ್ತು ನಿಂತರೆ ಸಾಕು, ಚಪ್ಪರದ ಕಂಬದ ಹಾಗೆ. ಉಕ್ಕಿನ ಪೈಪಿಗೆ ಅದು ತುಂಬಾ ಸುಲಭದ ಕೆಲಸ. 16 ಅಡಿಯ ಎರಡಿಂಚಿನ ಪೈಪ್, ತುದಿ ಬುಡ ಎರಡೂ ಅಲ್ಲಾಡದ ಹಾಗೆ ಹಿಡಿದಿದ್ದರೆ, ಲೆಕ್ಕದಲ್ಲಿ 5,000 ಪೌಂಡ್‌ಗೂ ಜಾಸ್ತಿ ಹೊರುತ್ತದೆ. ನಮಗೆ ಬೇಕಿರುವುದು ಕೆಲವು ನೂರು ಪೌಂಡ್ ಮಾತ್ರ.

ಪೈಪ್ ಕೊಳ್ಳುವಾಗ ಒಂದು ಕಡೆ ಮೋಸ ಹೋಗಬೇಡಿ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬೇಲಿ ಕಂಬ ಅಂತ ಸಿಗುತ್ತದೆ, ಹೊರಗಿನ ಅಳತೆ 2⅜ ಇಂಚು. ಎರಡಿಂಚಿನ ಶೆಡ್ಯೂಲ್ 40ರ ಹೊರಗಿನ ಅಳತೆಯೂ ಅಷ್ಟೇ. ಪಕ್ಕಪಕ್ಕ ನಿಲ್ಲಿಸಿದರೆ ಎರಡೂ ಒಂದೇ ಅನಿಸುತ್ತದೆ. ಬಾಯಿ ಕಡೆಯಿಂದ ನೋಡಿ. ಮನೆ ಬೇಲಿಯ ಕಂಬದ ಗೋಡೆ ಸಾಮಾನ್ಯವಾಗಿ 0.065 ಇಂಚು, ಶೆಡ್ಯೂಲ್ 40ದು 0.154. ಬಾಗುವುದನ್ನು ತಡೆಯುವ ಶಕ್ತಿ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಪಿವಿಸಿ ಪೈಪಿನ ಯೋಚನೆ ಬಿಡಿ, ಒಂದೇ ಅಳತೆಯ ಉಕ್ಕಿಗಿಂತ ಅದು ಸುಮಾರು 70 ಪಟ್ಟು ಜಾಸ್ತಿ ಬಳುಕುತ್ತದೆ.

ಕಬ್ಬಿಣದ ಮಾಲಿನ ಯಾರ್ಡ್‌ಗೆ ಹೋದರೆ ಶೆಡ್ಯೂಲ್ 40 ಪೈಪ್ 21 ಅಡಿ ಉದ್ದದಲ್ಲಿ ಸಿಗುತ್ತದೆ. ಜೋಡಣೆಯೇ ಇಲ್ಲದ ಒಂದೇ ಪೈಪ್ ಎಲ್ಲಕ್ಕಿಂತ ಒಳ್ಳೆಯದು, ಆದರೆ ತೂಕ 77 ಪೌಂಡ್, ಮನೆಗೆ ತರುವುದಕ್ಕೂ ಇಡುವುದಕ್ಕೂ ಕಷ್ಟ. ನಾನಾದರೆ ಹೀಗೆ ಮಾಡುತ್ತೇನೆ. ಕೆಳಗಿನ ತುಂಡು ಎರಡಿಂಚಿನದು, ಮೇಲಿನದು ಒಂದೂವರೆ ಇಂಚಿನದು, ಎರಡೂ ಹತ್ತೂವರೆ ಅಡಿ. ಒಂದೂವರೆ ಇಂಚಿನ ಪೈಪಿನ ಹೊರ ಅಳತೆ 1.900, ಎರಡಿಂಚಿನದರ ಒಳ ಅಳತೆ 2.067, ಒಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗಿನ ತುಂಡು ಮೂರಡಿ ನೆಲದೊಳಗೆ, ಏಳೂವರೆ ಅಡಿ ಮೇಲೆ. ಮೇಲಿನ ತುಂಡು ಎರಡಡಿ ಅದರೊಳಗೆ, ಎಂಟೂವರೆ ಅಡಿ ಹೊರಗೆ. ಸರಿಯಾಗಿ 16 ಅಡಿ. ಎಲ್ಲಾ ಅಳತೆಯ ಪೈಪೂ ಹೀಗೆ ಒಂದರೊಳಗೊಂದು ಕೂರುವುದಿಲ್ಲ, ನೆನಪಿರಲಿ. ಒಂದೂಕಾಲು ಇಂಚಿನದು ಒಂದೂವರೆ ಇಂಚಿನದರೊಳಗೆ ಹೋಗಲ್ಲ, ಹೊರ ಅಳತೆ 1.660, ಒಳ ಅಳತೆ 1.610.

ಎರಡಡಿ ಒಳಗಿರಬೇಕು ಅಂದೆನಲ್ಲ, ಅದರಲ್ಲಿ ಚೌಕಾಸಿ ಬೇಡ. ನಡುವೆ ಉಳಿಯುವ ಸಂದಿಗೆ ಒಳಗಿನ ಪೈಪಿನ ಸುತ್ತ ಎರಡು ಕಡೆ, ಒಂದು ಕೆಳತುದಿಯಲ್ಲಿ, ಒಂದು ಬಾಯಿಯ ಹತ್ತಿರ, 1/16 ಇಂಚಿನ ತಗಡಿನ ಪಟ್ಟಿ ಸುತ್ತಿ. ಆಗ ಲಟಪಟ ಅಲ್ಲಾಡುವುದು ನಿಲ್ಲುತ್ತದೆ. ಆಮೇಲೆ ಎರಡು ಪೈಪಿಗೂ ಸೇರಿಸಿ ತೂತು ಕೊರೆದು ⅜ ಇಂಚಿನ ಬೋಲ್ಟ್ ಆರಪಾರು ಹಾಕಿ, ಒಂದಡಿ ಅಂತರದಲ್ಲಿ ಎರಡು, ಒಂದು ಪೂರ್ವ-ಪಶ್ಚಿಮ ಇದ್ದರೆ ಇನ್ನೊಂದು ಉತ್ತರ-ದಕ್ಷಿಣ. ಇದರ ಬದಲು ಮರೆ (ಥ್ರೆಡ್) ಕೊರೆದ ಕಪ್ಲಿಂಗ್ ಹಾಕೋಣ ಅಂತ ಅಂಗಡಿಯವರು ಹೇಳಬಹುದು. ಬೇಡ. ಮರೆ ಕೊರೆದ ಜಾಗದಲ್ಲಿ ಪೈಪಿನ ಗೋಡೆ ಹತ್ತಿರ ಹತ್ತಿರ ಅರ್ಧ ಸವೆದಿರುತ್ತದೆ. ಗಾಳಿ ಆ ಕಡೆ ಈ ಕಡೆ ಆಡಿಸಿ ಆಡಿಸಿ ಬಿರುಕು ಬಿಡಿಸುವುದು ಮೊದಲನೇ ಮರೆಯಲ್ಲೇ.

ಬುಡಕ್ಕೆ ಬರೋಣ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಇದು ಅಮೆರಿಕದಾದ್ಯಂತ ಇರುವ ನಂಬರ್, ದುಡ್ಡು ಕೊಡಬೇಕಿಲ್ಲ. ಮೂರ್ನಾಲ್ಕು ಕೆಲಸದ ದಿನ ಮುಂಚೆ ಹೇಳಿದರೆ ಬಂದು ಒಳಗೆ ಹೂತಿರುವ ಲೈನುಗಳು ಎಲ್ಲಿವೆ ಅಂತ ನೆಲದ ಮೇಲೆ ಬಣ್ಣದ ಗುರುತು ಹಾಕುತ್ತಾರೆ, ಕೆಂಪು ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್, ಹಸಿರು ಒಳಚರಂಡಿ. ನಿಮ್ಮದೇ ಸ್ಪ್ರಿಂಕ್ಲರ್ ಪೈಪನ್ನು ಅವರು ಗುರುತಿಸುವುದಿಲ್ಲ, ಅದನ್ನು ನೀವೇ ಪತ್ತೆ ಮಾಡಬೇಕು. ಸ್ಟೇ ವೈರಿನ ಆಂಕರ್, ಅಂದರೆ ವೈರಿನ ಕೆಳತುದಿಯನ್ನು ನೆಲದಲ್ಲಿ ಹಿಡಿದಿಡುವ ಸಾಧನ, ಹಾಕುವ ನಾಲ್ಕು ಜಾಗವನ್ನೂ ಆಗಲೇ ತೋರಿಸಿ.

ಒಂದಡಿ ಅಗಲ, ಮೂರೂವರೆ ಅಡಿ ಆಳದ ಗುಂಡಿ. ತಳದಲ್ಲಿ ಅರ್ಧ ಅಡಿ ಜಲ್ಲಿ. ಅದರ ಮೇಲೆ ಎರಡೂವರೆ ಇಂಚಿನ ಶೆಡ್ಯೂಲ್ 40 ಪೈಪಿನ ಮೂರಡಿ ತುಂಡನ್ನು ನೆಟ್ಟಗೆ ನಿಲ್ಲಿಸಿ, ಸುತ್ತಲೂ ಕಾಂಕ್ರೀಟ್ ಸುರಿಯಿರಿ. 80 ಪೌಂಡಿನ ನಾಲ್ಕು ಚೀಲ ಬೇಕಾಗುತ್ತದೆ. ಪೈಪಿನ ಕೆಳಗಿನ ಬಾಯಿಗೆ ಕಾಂಕ್ರೀಟ್ ನುಗ್ಗದ ಹಾಗೆ ಅದನ್ನು ಜಲ್ಲಿಯೊಳಗೆ ಎರಡಿಂಚು ಒತ್ತಿ ಕೂರಿಸಿ, ಒಳಗೆ ಬಿದ್ದ ಮಳೆ ನೀರು ಜಲ್ಲಿಗೆ ಇಳಿದು ಹೋಗಬೇಕು, ಇಲ್ಲವಾದರೆ ಚಳಿಗೆ ಒಳಗೇ ಹೆಪ್ಪುಗಟ್ಟಿ ಕಂಬ ಕಚ್ಚಿಕೊಳ್ಳುತ್ತದೆ. ನಿಮ್ಮ ಎರಡಿಂಚಿನ ಕಂಬ ಈ ಪೈಪಿನೊಳಗೆ ಇಳಿಯುತ್ತದೆ, ಸುತ್ತಲೂ ಕೂಡಿ ಇಂಚಿನ ಹತ್ತನೇ ಒಂದು ಭಾಗದಷ್ಟು ಸಡಿಲ ಇರುತ್ತದೆ ಅಷ್ಟೇ. ಮೇಲ್ತುದಿ ಹುಲ್ಲಿನ ಮಟ್ಟಕ್ಕೆ ಸ್ವಲ್ಪ ಕೆಳಗೇ ಇರಲಿ, ಜನವರಿಯಲ್ಲಿ ಕಂಬ ಕಿತ್ತು ಮುಚ್ಚಳ ಹಾಕಿದರೆ ಹುಲ್ಲು ಕತ್ತರಿಸುವ ಯಂತ್ರ ಮೇಲೆ ಹಾದು ಹೋಗುತ್ತದೆ.

ಎಲ್ಲಿ ಅಗೆಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಕಂಬ ಯಾವ ದಿಕ್ಕಿಗೆ ಬಿದ್ದರೂ ಜನ ಓಡಾಡುವ ದಾರಿ, ಕಾರು ನಿಲ್ಲುವ ಜಾಗ ಮುಟ್ಟಬಾರದು. ಮೇಲೆ ಹಾದು ಹೋಗುವ ಕರೆಂಟ್ ತಂತಿ ಇದ್ದರೆ, ಕಂಬದ ಪೂರ್ತಿ ಉದ್ದದ ಜೊತೆಗೆ ಇನ್ನೂ 10 ಅಡಿ ದೂರ ಇರಬೇಕು. ಕಂಬ ಎತ್ತುವಾಗ ತುದಿ ಎಲ್ಲಿಗೆ ಬೇಕಾದರೂ ತೂಗಬಹುದು. ಇದರಲ್ಲಿ ರಿಯಾಯಿತಿ ಕೇಳಬೇಡಿ.

ಈಗ ಸ್ಟೇ ವೈರ್. ಮೂರು ಸಾಕು ಅನ್ನುತ್ತಾರೆ, ನಾನು ನಾಲ್ಕು ಅನ್ನುತ್ತೇನೆ. ಕಂಬ ಎತ್ತಿ ಇಳಿಸುವಾಗ ಎರಡು ಪಕ್ಕದ ವೈರ್‌ಗಳು ಅದನ್ನು ಆಚೀಚೆ ಹೋಗದ ಹಾಗೆ ಹಿಡಿದಿರುತ್ತವೆ, ಒಬ್ಬರು ಮುಂದಿನದನ್ನು ಎಳೆಯಬಹುದು. ನಿಮ್ಮ ಕಡೆ ಚಳಿಗಾಲದ ಜೋರು ಗಾಳಿ ಉತ್ತರದಿಂದ, ಉಳಿದಂತೆ ದಕ್ಷಿಣದಿಂದ. ಆದ್ದರಿಂದ ಒಂದು ವೈರ್ ನೇರ ಉತ್ತರಕ್ಕೆ, ಒಂದು ನೇರ ದಕ್ಷಿಣಕ್ಕೆ ಇರಲಿ.

ತುಂಬಾ ಜನ ತಪ್ಪುವುದು ಎಲ್ಲಿ ಅಂದರೆ, ವೈರ್ ಕಣ್ಣಿಗೆ ಬೀಳಬಾರದು ಅಂತ ಅದನ್ನು ದೀಪದ ಸಾಲಿನ ಜೊತೆಗೇ ಇಳಿಸಿ, ಮರದ ಬುಡದ ಸುತ್ತಿನಲ್ಲೇ, ಕಂಬದಿಂದ ನಾಲ್ಕಡಿ ದೂರದಲ್ಲಿ ಕಟ್ಟುತ್ತಾರೆ. ಲೆಕ್ಕ ಹಾಕಿ. 15 ಅಡಿ ಎತ್ತರದಲ್ಲಿ 120 ಪೌಂಡ್ ತಡೆಯಲು, ನಾಲ್ಕಡಿ ದೂರದ ಆಂಕರ್ ಆದರೆ ವೈರಿನಲ್ಲಿ ಸುಮಾರು 465 ಪೌಂಡ್ ಎಳೆತ, ಆಂಕರನ್ನು ನೆಲದಿಂದ ಮೇಲಕ್ಕೆ ಕೀಳುವ ಬಲ 450. ಅದೇ ಆಂಕರ್ 10 ಅಡಿ ದೂರ ಇದ್ದರೆ ಎಳೆತ 215, ಕೀಳುವ ಬಲ 180. ಆರಡಿ ಆಚೆ ಹೋಗಿದ್ದಕ್ಕೆ ಅರ್ಧಕ್ಕಿಂತ ಕಡಿಮೆ! ಹತ್ತಡಿ ಜಾಗ ಇಲ್ಲದಿದ್ದರೆ ಮರವನ್ನೇ 12 ಅಡಿಗೆ ಇಳಿಸಿ.

ಆಂಕರ್‌ಗೆ ನೆಲಕ್ಕೆ ತಿರುಗಿಸಿ ಇಳಿಸುವ ಸ್ಕ್ರೂ ಆಂಕರ್ ತನ್ನಿ, ಉದ್ದ 30 ಇಂಚಿಗೆ ಕಡಿಮೆ ಬೇಡ. ಅದನ್ನು ನೆಟ್ಟಗೆ ಇಳಿಸಬಾರದು, ವೈರ್ ಬರುವ ಓರೆಯಲ್ಲೇ, ಅದೇ ಗೆರೆಯಲ್ಲಿ ಇಳಿಸಬೇಕು. ನೆಟ್ಟಗಿದ್ದರೆ ಎಳೆತಕ್ಕೆ ಅದರ ಕಡ್ಡಿ ಬಾಗಿ, ಮಣ್ಣು ಸೀಳಿಕೊಂಡು ಕಂಬದ ಕಡೆ ಬರುತ್ತದೆ. ಸುಮ್ನೆ ಗೂಟ ಹೊಡೆಯುವುದಾದರೆ ಇದಕ್ಕೆ ಪೂರ್ತಿ ಉಲ್ಟಾ, ಗೂಟದ ತಲೆ ಕಂಬದಿಂದ ಆಚೆಗೆ ವಾಲಿರಬೇಕು, ಹಸು ಕಟ್ಟುವ ಗೂಟ ಹೊಡೆಯುವಾಗ ಮಾಡುವ ಹಾಗೆ. ನಿಮ್ಮ ಕೆಂಪು ಜೇಡಿ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಹಾಗಾಗಿ ಮಳೆ ಬಂದ ಮಾರನೇ ದಿನ ಪರೀಕ್ಷೆ ಮಾಡಿ. ನೇತು ಹಾಕುವ ತೂಕದ ಯಂತ್ರವನ್ನು ನಡುವೆ ಸೇರಿಸಿ, ಕೈ ರಾಟೆಯಿಂದ ಒಂದೊಂದು ಆಂಕರನ್ನೂ ವೈರಿನ ದಿಕ್ಕಿಗೇ 400 ಪೌಂಡಿನ ತನಕ ಎಳೆದು ಕೆಲವು ನಿಮಿಷ ಬಿಡಿ. ಜರುಗಿದರೆ ಆ ಜಾಗ ಬದಲಾಯಿಸಿ, ಇಲ್ಲವೇ ಇನ್ನೂ ಉದ್ದದ ಆಂಕರ್ ಹಾಕಿ.

ವೈರ್ 3/16 ಇಂಚಿನ ಗ್ಯಾಲ್ವನೈಸ್ಡ್ ಉಕ್ಕಿನ ಹಗ್ಗ ಇರಲಿ. ಅದು ತುಂಡಾಗುವುದು 4,000 ಪೌಂಡ್ ದಾಟಿದ ಮೇಲೆ, ಕೆಲಸಕ್ಕೆ ಬಳಸಬಹುದಾದ ಮಿತಿ ಅದರ ಐದನೇ ಒಂದು ಭಾಗ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಬೇಡ.

ವೈರ್ ತುದಿ ಮಡಚಿ ಕ್ಲಾಂಪ್ ಹಾಕುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ತಪ್ಪಾದರೆ ಬಾಕಿಯದೆಲ್ಲ ವ್ಯರ್ಥ. ಮಡಚುವ ಜಾಗಕ್ಕೆ ಮೊದಲು ಥಿಂಬಲ್, ಅಂದರೆ ಆ ಹನಿಯಾಕಾರದ ತಗಡಿನ ಬಳೆ, ಇಟ್ಟು ಅದರ ಸುತ್ತ ವೈರ್ ತನ್ನಿ. ಕ್ಲಾಂಪಿಗೆ ಎರಡು ಭಾಗ. ಒಂದು ಯು ಆಕಾರದ ಬೋಲ್ಟ್, ಇನ್ನೊಂದು ವೈರ್ ಕೂರಲು ತೋಡು ಇರುವ ದಪ್ಪ ತಳ. ಆ ದಪ್ಪ ತಳ ಭಾರ ಹೊರುವ ಉದ್ದನೆಯ ವೈರಿನ ಕಡೆಗೇ ಕೂರಬೇಕು, ಯು ಬೋಲ್ಟ್ ಕತ್ತರಿಸಿದ ಮೊಂಡು ತುದಿಯ ಮೇಲೆ. ಯಾಕೆ ಅಂದರೆ ಯು ಬೋಲ್ಟ್ ವೈರನ್ನು ಜಜ್ಜುತ್ತದೆ, ಜಜ್ಜಿದ್ದು ಭಾರ ಹೊರುವ ಎಳೆಯಾದರೆ ಅದರ ಬಲ ಹೋಯಿತು. ಒಂದೊಂದು ತುದಿಗೆ ಎರಡು ಕ್ಲಾಂಪ್, ಎರಡೂ ಒಂದೇ ಮುಖಕ್ಕೆ. ಭಾರ ಬಿದ್ದ ಮೇಲೆ ವೈರ್ ಸ್ವಲ್ಪ ಸಣ್ಣಗಾಗುತ್ತದೆ, ಆದ್ದರಿಂದ ಮಾರನೇ ದಿನ ನಟ್ಟುಗಳನ್ನು ಮತ್ತೆ ಬಿಗಿ ಮಾಡಲೇಬೇಕು.

ಬಿಗಿ ಮಾಡಲು ಟರ್ನ್‌ಬಕಲ್, ಅಂದರೆ ನಡುಭಾಗ ತಿರುಗಿಸಿದರೆ ಎರಡು ತುದಿಯೂ ಒಳಗೆ ಬಂದು ವೈರ್ ಬಿಗಿಯಾಗುವ ಸಾಧನ. ಕೊಕ್ಕೆ ತುದಿಯದ್ದು ಬೇಡ, ವೈರ್ ಒಂದು ಕ್ಷಣ ಸಡಿಲವಾದರೂ ಕೊಕ್ಕೆ ಜಾರಿ ಹೊರಗೆ ಬರುತ್ತದೆ. ಬಳೆ ತುದಿ ಇರುವುದನ್ನೇ ತನ್ನಿ. ಬಿಗಿ ಮಾಡಿದ ಮೇಲೆ ಅದರ ಹೊಟ್ಟೆಯೊಳಗಿಂದ ಒಂದು ಸಣ್ಣ ತಂತಿ ಹಾಯಿಸಿ ಎರಡು ಬಳೆಗೂ ಸುತ್ತಿಬಿಡಿ. ಗಾಳಿಗೆ ನಡುಗಿ ನಡುಗಿ ಟರ್ನ್‌ಬಕಲ್ ತಾನಾಗೇ ಬಿಚ್ಚಿಕೊಳ್ಳುತ್ತದೆ, ನಾನು ಇದನ್ನು ಒಂದಲ್ಲ, ಹಲವು ಕಡೆ ನೋಡಿದ್ದೇನೆ. ಎಷ್ಟು ಬಿಗಿ ಇರಬೇಕು ಅಂದರೆ, ನಡುವೆ ಕೈಯಿಂದ ಒತ್ತಿದರೆ ಒಂದೆರಡು ಇಂಚು ಒಳಗೆ ಹೋಗಬೇಕು. ನೇತಾಡಬಾರದು. ಸಡಿಲ ವೈರ್ ಇದ್ದರೆ ಕಂಬ ಮೊದಲು ಓಡಿ, ಆಮೇಲೆ ಫಟ್ ಅಂತ ನಿಲ್ಲುತ್ತದೆ, ಆ ಜರ್ಕಿನ ಬಲ ನಾವು ಹಾಕಿದ ಲೆಕ್ಕವನ್ನೆಲ್ಲ ಮೀರುತ್ತದೆ.

ಇನ್ನು ದೀಪದ ಸಾಲುಗಳು. ಅವುಗಳ ಮೇಲೆ ಎಳೆತವೇ ಬೀಳಬಾರದು. ಒಂದೊಂದು ಸಾಲಿಗೂ ಒಂದು ಸಣ್ಣ ಉಕ್ಕಿನ ಹಗ್ಗ, 1/16 ಇಂಚಿನದು ಸಾಕು, ಅದನ್ನು ಮೇಲಿಂದ ಕೆಳಕ್ಕೆ ಕಟ್ಟಿ, ಬಿಸಿಲಿಗೆ ಹಾಳಾಗದ ಕಪ್ಪು ಜಿಪ್ ಟೈನಿಂದ ದೀಪದ ವೈರನ್ನು ಅದಕ್ಕೆ ಸಡಿಲವಾಗಿ ಹಿಡಿಸಿ. ಕೆಳತುದಿಯನ್ನು ನೇರ ಗೂಟಕ್ಕೆ ಕಟ್ಟದೆ ನಡುವೆ ಗಟ್ಟಿ ರಬ್ಬರ್ ಪಟ್ಟಿ ಸೇರಿಸಿ. ಗಾಳಿ ಬಡಿದಾಗ ಅದು ಹಿಗ್ಗುತ್ತದೆ, ಆಮೇಲೆ ತಾನೇ ಎಳೆದುಕೊಳ್ಳುತ್ತದೆ.

ಗಾಳಿ ಒಂದೇ ಅಲ್ಲ, ನಿಮ್ಮ ಕಡೆ ಹಿಮದ ಮಳೆಯೂ ಇದೆ, ಅಂದರೆ ಬಿದ್ದ ಕಡೆಯೇ ಮಂಜುಗಡ್ಡೆಯಾಗಿ ಅಂಟಿಕೊಳ್ಳುವ ಮಳೆ. 2007ರ ಡಿಸೆಂಬರಿನಲ್ಲಿ ಒಕ್ಲಹೋಮಾದಲ್ಲಿ ಅಂಥದ್ದೇ ಮಳೆ ಬಿದ್ದು ಆರು ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಕಾಲಿಂಚಿನ ದೀಪದ ತಂತಿ ಸುತ್ತ ಕಾಲಿಂಚು ಮಂಜುಗಡ್ಡೆ ಕೂತರೆ ಅದರ ದಪ್ಪ ಮುಕ್ಕಾಲು ಇಂಚಾಗುತ್ತದೆ. 400 ಅಡಿ ತಂತಿಗೆ 60 ಪೌಂಡಿಗೂ ಜಾಸ್ತಿ ಭಾರ, ಅದರ ಮೇಲೆ ಗಾಳಿಗೆ ಸಿಗುವ ಅಗಲವೂ ಬೆಳೆಯಿತು. ಹಿಮದ ಮಳೆಯ ಎಚ್ಚರಿಕೆ ಬಂದರೆ, ಅಥವಾ ಹವಾಮಾನ ಇಲಾಖೆ ಜೋರು ಗಾಳಿಯ ವಾರ್ನಿಂಗ್ ಕೊಟ್ಟರೆ, ಅಂದರೆ 58 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ಬೀಸಬಹುದು ಅಂದರೆ, ಹಗಲು ಬೆಳಕಿರುವಾಗಲೇ ದೀಪದ ಸಾಲು, ನಕ್ಷತ್ರ ಎರಡನ್ನೂ ಕೆಳಗಿಳಿಸಿ. ಅದಕ್ಕೆ ತುದಿಯಲ್ಲಿ ಒಂದು ರಾಟೆ ಇಟ್ಟು, ಸಾಲುಗಳನ್ನೆಲ್ಲ ಕಟ್ಟಿದ ಬಳೆಯನ್ನು ಹಗ್ಗದಿಂದ ಮೇಲೆ ಕೆಳಗೆ ಮಾಡುವ ಹಾಗೆ ಮಾಡಿಕೊಳ್ಳಿ, ಬಾವಿಯಿಂದ ನೀರು ಸೇದಿದ ಹಾಗೆ. ಹತ್ತು ನಿಮಿಷದ ಕೆಲಸ. ಬರೀ ಕಂಬ ಮತ್ತು ನಾಲ್ಕು ವೈರ್ ಉಳಿದರೆ ಗಾಳಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಕರೆಂಟಿನ ಬಗ್ಗೆ ಚಿಕ್ಕದಾಗಿ. ಹೊರಾಂಗಣದ ಜಿಎಫ್‌ಸಿಐ ಪ್ಲಗ್ಗಿನಿಂದಲೇ (ಕರೆಂಟ್ ಸೋರಿದರೆ ತಾನಾಗೇ ಕಟ್ಟಾಗುವಂಥದ್ದು) ತೆಗೆದುಕೊಳ್ಳಿ, ಅದರ ಟೆಸ್ಟ್ ಬಟನ್ ಒತ್ತಿ ಕಟ್ಟಾಗುತ್ತದಾ ನೋಡಿ. ಕಂಬ ಲೋಹದ್ದು, ಒದ್ದೆ ಹುಲ್ಲಿನ ಮೇಲೆ ಮಕ್ಕಳು ಅದನ್ನು ಮುಟ್ಟುತ್ತಾರೆ. ಸ್ಟೇ ವೈರ್‌ಗಳಿಗೂ ಕೆಳಗಿನ ಆರಡಿ ತನಕ ದೀಪ ಸುತ್ತಿ, ಕತ್ತಲಲ್ಲಿ ಓಡಿ ಬರುವ ಮಗುವಿನ ಕುತ್ತಿಗೆಯ ಎತ್ತರಕ್ಕೆ ಉಕ್ಕಿನ ತಂತಿ ಕಾಣದೆ ಇರುವುದು ನನಗೆ ಬೀಳುವ ಕಂಬಕ್ಕಿಂತ ಜಾಸ್ತಿ ಭಯ.

ಕಾಂಕ್ರೀಟ್ ಗಟ್ಟಿಯಾಗಲು ಒಂದು ವಾರವಾದರೂ ಬಿಡಿ. ಅಕ್ಟೋಬರಿನಲ್ಲಿ ಗುಂಡಿ ಮತ್ತು ಆಂಕರ್ ಮುಗಿಸಿಕೊಂಡರೆ, ನವೆಂಬರಿನಲ್ಲಿ ದೀಪ ಇಲ್ಲದ ಬರೀ ಕಂಬ ನಿಲ್ಲಿಸಿ ಎರಡು ಮೂರು ಗಾಳಿ ನೋಡಬಹುದು. ಪ್ರತಿ ಗಾಳಿಯ ಮಾರನೇ ಬೆಳಿಗ್ಗೆ ಆಂಕರ್‌ಗಳ ಬುಡದ ಮಣ್ಣು ನೋಡಿ, ಕಂಬದ ಕಡೆಯ ವಿರುದ್ಧ ದಿಕ್ಕಿನಲ್ಲಿ ಬೆರಳು ತೂರುವಷ್ಟು ಸಂದಿ ಕಂಡರೆ ಆ ಆಂಕರ್ ಜರುಗುತ್ತಿದೆ ಅಂತ ಅರ್ಥ, ದೀಪ ಏರಿಸುವ ಮೊದಲೇ ಅದನ್ನು ಬದಲಾಯಿಸಿ.